ಮಾವನ ಪೇಟದ ಏಳನೆಯ ಮಡಿಕೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳನ್ನು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಅತಿ ಹೆಚ್ಚು ಕಾಲ ಪ್ರತಿನಿಧಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ನಾನು ನನ್ನ ಸೋದರಮಾವನ ಕಡೆ ಬೆರಳು ತೋರಿಸುತ್ತೇನೆ. ಅವರು ಆ ಸಭೆಯ ಬಾಗಿಲು ಕೂಡ ನೋಡಿದವರಲ್ಲ. ಚುನಾವಣೆಗೆ ನಿಂತವರಲ್ಲ. ನಿಲ್ಲುವುದಿರಲಿ, ಅವರಿಗೆ ಓಟೇ ಇಲ್ಲ. ಓಟಿಗೆ ಬೇಕಾದಷ್ಟು ಕಂದಾಯದ ಜಮೀನು ಅವರ ತಾತನ ಕಾಲಕ್ಕೇ ಕೈಬಿಟ್ಟು ಹೋಗಿತ್ತು. ಮೈಸೂರನ್ನೂ ಕಂಡವರಲ್ಲ, ಏಕೆಂದರೆ ರೈಲು ಹತ್ತಿದರೆ ಅವರಿಗೆ ಹೊಟ್ಟೆ ತೊಳಸುತ್ತದೆ. ಇಷ್ಟೆಲ್ಲ ಇಲ್ಲಗಳ ನಡುವೆಯೂ ವರ್ಷ ವರ್ಷ ದಿವಾನರ ಮುಂದೆ ನಿಂತವರು ಇವರೇ ಎಂದರೆ ನಂಬುತ್ತೀರಾ? ಈಗಲೇ ನಂಬಬೇಡಿ. ಮೊದಲು ಪೇಟದ ವಿಷಯ ಕೇಳಿ.

ಮಾವನಿಗೆ ಮಧುಗಿರಿಯ ಪೇಟೆಬೀದಿಯಲ್ಲಿ ಒಂದು ಸಣ್ಣ ಬಟ್ಟೆಯಂಗಡಿ. ಬಟ್ಟೆ ಮಾರುವುದು ಅವರಿಗೆ ನೆಪ, ಪೇಟ ಕಟ್ಟುವುದು ಕಸುಬು. ದಸರೆಯಲ್ಲಿ ಮೈಸೂರಿನ ಸಭೆಗೆ ಹೋಗುವ ಪ್ರತಿನಿಧಿಗಳು ಜರಿಪೇಟ ಇಲ್ಲದೆ ಹೋಗುವ ಹಾಗಿರಲಿಲ್ಲ. ನಮ್ಮ ಕಡೆ ಆ ಪೇಟವನ್ನು ಸರಿಯಾಗಿ ಕಟ್ಟಿ, ಟೋಪಿಯ ಹಾಗೆ ತೆಗೆದು ಹಾಕಲು ಬರುವಂತೆ ದಾರದಲ್ಲಿ ಹಿಡಿದು ಕೊಡಬಲ್ಲವರು ಮಾವ ಒಬ್ಬರೇ. ಹಾಗಾಗಿ ದಸರೆಗೆ ಒಂದು ವಾರ ಇರುವಾಗ ನಾಲ್ಕೂ ತಾಲ್ಲೂಕಿನ ಪ್ರತಿನಿಧಿಗಳು ನಮ್ಮ ಜಗುಲಿಗೆ ಬರುತ್ತಿದ್ದರು. ಶಿರಾದವರಿಗೆ ನಮ್ಮೂರು ಸುತ್ತು ದಾರಿ. ಪಾವಗಡದವರಂತೂ ಮದರಾಸು ಸೀಮೆಯೊಳಗೆ ಹೊಕ್ಕು ಹೊರಟು ನಮ್ಮ ಸಂಸ್ಥಾನಕ್ಕೆ ಮತ್ತೆ ಕಾಲಿಡಬೇಕು. ಆದರೂ ಬರುತ್ತಿದ್ದರು.

ಬಂದವರ ತಲೆ ಮಾವನ ಕೈಗೆ ಸಿಕ್ಕಿತೆಂದರೆ ಆಯಿತು. ಪೇಟದ ಮುಂಭಾಗದಲ್ಲಿ ಅಗಲವಾದ ಮಡಿಕೆಗಳು ಬರುತ್ತವಲ್ಲ, ಮಾವ ಒಂದೊಂದು ಮಡಿಕೆ ಹಾಕುವಾಗಲೂ ಆ ತಾಲ್ಲೂಕಿನ ಒಂದೊಂದು ಅಹವಾಲು ಹೇಳುತ್ತಿದ್ದರು. ಎಡಗಿವಿಯ ಮೇಲಿನದು ಒಂದನೆಯದು. ಅಲ್ಲಿಂದ ಸಾಲಾಗಿ ಬಂದು ಬಲಗಿವಿಯ ಮೇಲೆ ಏಳನೆಯದು.

"ಇದು ನಿಮ್ಮ ಹೊಳೆಯ ಸೇತುವೆ. ಇದು ಕೊಳಾಲದ ಸ್ಕೂಲಿಗೆ ಮೇಷ್ಟ್ರು. ದಿವಾನರ ಮುಂದೆ ನಿಂತಾಗ ಕಾಗದ ಕೈಲಿದ್ರೆ ಕೈ ನಡುಗ್ತೈತೆ. ಸುಮ್ಕೆ ಪೇಟ ಸರಿ ಮಾಡ್ಕೊಳ್ಳೋರಂಗೆ ಮಡಿಕೆ ಮುಟ್ಟಿ. ಬೆರಳಿಗೆ ಸಿಕ್ಕಿದ್ದು ಬಾಯಿಗೆ ಬರ್ತೈತೆ."

ಆಮೇಲೆ ತಾಲೀಮು. ಮಾವ ಎದುರಿಗೆ ನಿಂತು ಒಂದರಿಂದ ಏಳರವರೆಗೆ ಮಡಿಕೆ ಮುಟ್ಟುತ್ತಾ ಹೋಗುವುದು, ಪ್ರತಿನಿಧಿಗಳು ಒಪ್ಪಿಸುತ್ತಾ ಹೋಗುವುದು. ನೂರಾರು ಎಕರೆಯ ಜಮೀನ್ದಾರರು ನಮ್ಮ ಜಗುಲಿಯ ಮೇಲೆ ಮಗ್ಗಿ ಹೇಳುವವರಂತೆ ನಿಲ್ಲುತ್ತಿದ್ದರು. ತಪ್ಪಿದರೆ ಮೊದಲಿನಿಂದ!

ಪೇಟದ ಬಟ್ಟೆ ಎಂಟು ಮೊಳಕ್ಕೂ ಉದ್ದ. ಅದನ್ನು ನೆರಿಗೆ ಹಿಡಿಯಲು ಇನ್ನೊಂದು ತುದಿಯಲ್ಲಿ ಒಬ್ಬರು ಎಳೆದು ನಿಲ್ಲಬೇಕು. ಹಾಗೆ ನಿಲ್ಲುತ್ತಿದ್ದವರು ಅತ್ತೆ. ನಡುಮನೆಯ ಬಾಗಿಲ ಹತ್ತಿರ ಅವರು, ಜಗುಲಿಯ ಮೇಲೆ ಪ್ರತಿನಿಧಿ, ನಡುವೆ ಬಿಗಿಯಾಗಿ ಬಟ್ಟೆ. ನಾಲ್ಕು ತಾಲ್ಲೂಕಿನ ರಾಜಕೀಯದ ಒಂದು ತುದಿ ನಮ್ಮ ಅತ್ತೆಯ ಕೈಯಲ್ಲಿತ್ತು ಎಂದರೆ ಅದು ಅಲಂಕಾರದ ಮಾತಲ್ಲ.

ಇನ್ನು ನಾನು, ಮಾವನ ತಂಗಿಯ ಮಗಳು. ತಾಯಿ ನಾನು ಕೂಸಾಗಿದ್ದಾಗಲೇ ಜ್ವರದಲ್ಲಿ ಹೋದರೆಂದು ಮನೆಯಲ್ಲಿ ಹೇಳಿದ್ದರು. ಸಾಕಿದವರು ತಾಯಿಯ ಅಣ್ಣನಾದ ಈ ಮಾವ ಮತ್ತು ಅತ್ತೆ. ದಿನಚರಿ ಬರೆಯುವ ಚಟ ನನಗೆ ಹನ್ನೆರಡನೇ ವಯಸ್ಸಿನಿಂದ. ಎಮ್ಮೆ ಎಷ್ಟು ಸೇರು ಹಾಲು ಕೊಟ್ಟಿತು, ಅತ್ತೆ ಮಾವನನ್ನು ಎಷ್ಟು ಸಲ ಗದರಿದರು, ಎಲ್ಲಕ್ಕೂ ಗೆರೆ ಎಳೆದ ಪಟ್ಟಿ. ಮಾವನ ಪೇಟಗಳಿಗೂ ಒಂದು ಪಟ್ಟಿ ಮಾಡಿದೆ: ವರ್ಷ, ತಾಲ್ಲೂಕು, ಪ್ರತಿನಿಧಿ, ಹಾಕಿದ ಮಡಿಕೆ, ಸಭೆಯಲ್ಲಿ ಹೇಳಿದ ಮಡಿಕೆ, ಕೊನೆಗೆ ಕಚೇರಿಯ ರಿಜಿಸ್ಟರಿನಲ್ಲಿ ಇರುವಂತೆ ಷರಾ. ನಾನು ಪಟ್ಟಿ ಹಿಡಿಯುವುದಕ್ಕೆ ಮುಂಚಿನ, ಹುಟ್ಟುವುದಕ್ಕೂ ಮುಂಚಿನ ವರ್ಷಗಳನ್ನು ಮಾವ ಬಾಯಲ್ಲೇ ಹೇಳಿ ಬರೆಸಿದರು. ರವಿಕೆಬಟ್ಟೆ ಅಳೆಯುತ್ತಾ, ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಾ, ಆ ವರ್ಷ ಪಾವಗಡದ ನಾಲ್ಕನೆಯ ಮಡಿಕೆ ಬಲಸಮುದ್ರದ ಅಂಚೆ, ಶಿರಾದ ಮೂರನೆಯದು ಬುಕ್ಕಾಪಟ್ಟಣದ ಕಾವಲಿನಲ್ಲಿ ಕುರಿ ಮೇಯಿಸುವ ವಿಷಯ ಎಂದು ತಡವರಿಸದೆ ಹೇಳುತ್ತಿದ್ದರು. ಪರೀಕ್ಷೆ ಮಾಡಲೆಂದು ಆರು ತಿಂಗಳು ಬಿಟ್ಟು ಅದನ್ನೇ ಮತ್ತೆ ಕೇಳಿದ್ದೇನೆ. ಒಂದು ಮಡಿಕೆಯೂ ಬದಲಾಗಲಿಲ್ಲ. ಪೆನ್ಸಿಲು ಹಿಡಿದ ನನ್ನ ಕೈ ಅವತ್ತು ತಾನಾಗಿಯೇ ನಿಂತುಬಿಟ್ಟಿತು.

ನೆನಪೇನೋ ಮಾವನದು. ಆದರೆ ತಲೆ ಪ್ರತಿನಿಧಿಗಳದ್ದಲ್ಲವೇ?

ಕೊರಟಗೆರೆಯ ಗೌಡರ ಕಥೆ ಕೇಳಿ. ರೈಲಿನಲ್ಲಿ ಸೆಕೆಯೆಂದು ಪೇಟ ತೆಗೆದು ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿದರು. ಬೆಂಗಳೂರಿನಲ್ಲಿ ಹತ್ತಿದ ಒಬ್ಬ ಮಹನೀಯರು ಅದರ ಮೇಲೆ ಕುಳಿತರು. ಮೈಸೂರಿನಲ್ಲಿ ಉಳಿದುಕೊಂಡ ಹೋಟೆಲಿನ ಅಡುಗೆಭಟ್ಟರು ಕರುಣೆಯಿಂದ ಅದನ್ನು ಬಿಚ್ಚಿ ಮತ್ತೆ ಕಟ್ಟಿಕೊಟ್ಟರು. ಚೆನ್ನಾಗಿಯೇ ಕಟ್ಟಿದ್ದರಂತೆ, ಆದರೆ ಮಡಿಕೆ ನಾಲ್ಕೇ ನಾಲ್ಕು. ಏಳು ಅಹವಾಲು ನಾಲ್ಕು ಮಡಿಕೆಯೊಳಗೆ ಹೇಗೆ ಹಿಡಿದಾವು? ಗೌಡರು ದಿವಾನರ ಮುಂದೆ ನಿಂತು, ಶಾಲೆಗೆ ಒಂದು ಸೇತುವೆಯನ್ನೂ ಹೊಳೆಗೆ ಒಬ್ಬ ಮೇಷ್ಟ್ರನ್ನೂ ದಯಪಾಲಿಸಬೇಕೆಂದು ಬೇಡಿಕೊಂಡು ಕುಳಿತರು.

ವಾಪಸು ಬಂದು ಅವರೇ ಇದನ್ನು ಹೇಳಿದಾಗ ಮಾವ ಸಿಟ್ಟಾಗಲಿಲ್ಲ. ಇಷ್ಟು ಕೇಳಿದರು.

"ಸರ್ಕಾರ ಏನಂತು?"

"ಪರಿಶೀಲಿಸ್ತೀವಿ ಅಂದ್ರು."

"ಅಂಗಾರೆ ಸರಿಯಾಗಿ ಕೇಳಿದ್ರೂ ಅದನ್ನೇ ಅಂತಿದ್ರು. ಬುಡಿ."

ಪಾವಗಡದ ಯಜಮಾನರದು ಇದಕ್ಕೆ ಪೂರಾ ಉಲ್ಟಾ. ಅವರು ಪೇಟವನ್ನು ದೇವರ ಹಾಗೆ ಕಾಪಾಡಿದರು. ರೈಲಿನಲ್ಲಿ ತೆಗೆಯಲಿಲ್ಲ, ಹೋಟೆಲಿನಲ್ಲಿ ತೆಗೆಯಲಿಲ್ಲ, ರಾತ್ರಿ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡಿದರು. ನಮ್ಮ ಪಟ್ಟಿಯ ಪ್ರಕಾರ ಒಟ್ಟು ಹನ್ನೊಂದು ದಿನ. ಊರಿಗೆ ಹೋಗುವ ದಾರಿಯಲ್ಲಿ ನಮ್ಮ ಜಗುಲಿಯ ಮುಂದೆ ಗಾಡಿ ನಿಲ್ಲಿಸಿದಾಗ ಪೇಟ ಕಟ್ಟಿದಾಗ ಇದ್ದಂತೆಯೇ ಇತ್ತು. ಮಾವ ಹಿಗ್ಗಿ ಹೋದರು.

"ಎಷ್ಟು ಹೇಳಿದ್ರಿ ಯಜಮಾನ್ರೇ?"

"ಯಾವಿ ಸಾಮೀ?" ಎಂದರು ಅವರು, ತೆಲುಗು ಬೆರೆತ ಪಾವಗಡದ ಕನ್ನಡದಲ್ಲಿ.

"ಮಡಿಕೆ."

"ಅಯ್ಯೋ ಸಾಮೀ, ಮುಟ್ಟಿದ್ರೆ ನಲಗಲ್ವಾ? ಇಂತಾ ಪೇಟಾನ ಮಾ ಊರಲ್ಲಿ ನಮ್ಮವ್ವ ನೋಡ್ಬೇಕು ಕದಾ. ಒಂದಿನಾನೂ ಮುಟ್ಟಲೇದು."

ಪಾವಗಡದ ಏಳೂ ಅಹವಾಲು ಸುಖವಾಗಿ ಮೈಸೂರು ನೋಡಿಕೊಂಡು, ಒಂದೂ ಕಡಿಮೆಯಾಗದೆ ಪಾವಗಡಕ್ಕೆ ಹಿಂತಿರುಗಿದವು.

ನಮ್ಮ ಮಧುಗಿರಿಯ ವಕೀಲರು ಬುದ್ಧಿವಂತರು. ಮಡಿಕೆಯ ಮಾತಿಗೆ ನಕ್ಕರು. "ಇದೆಲ್ಲ ಓದದವರಿಗೆ ಸರಿ ಸ್ವಾಮಿ. ನಾನು ಬರಕೊಂಡು ಹೋಗ್ತೀನಿ" ಎಂದರು. ಬರೆದುಕೊಂಡೂ ಹೋದರು. ಮೊದಲ ಪುಟದಲ್ಲಿ ಮಹಾರಾಜರಿಗೆ ಕೃತಜ್ಞತೆ, ಎರಡನೆಯದರಲ್ಲಿ ದಿವಾನರಿಗೆ ಕೃತಜ್ಞತೆ, ಮೂರನೆಯದರಲ್ಲಿ ಕೃತಜ್ಞತೆ ಹೇಳಲು ಅವಕಾಶ ಕೊಟ್ಟಿದ್ದಕ್ಕೆ ಕೃತಜ್ಞತೆ. ಅಷ್ಟರಲ್ಲಿ ಅವರ ಹೊತ್ತು ಮುಗಿಯಿತೆಂದು ಗಂಟೆ ಹೊಡೆದರು. ಮಾವ ಇದನ್ನು ಕೇಳಿ ಅಂದದ್ದು ಒಂದೇ ಮಾತು: "ಅದಕ್ಕೇ ನಾನು ಕೃತಜ್ಞತೆಗೆ ಮಡಿಕೆ ಇಡಾಕಿಲ್ಲ."

ಹೀಗೆ ನಗುತ್ತಾ ನಗುತ್ತಾ ಪಟ್ಟಿ ತುಂಬುತ್ತಿದ್ದಾಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಮೊದಲ ಒಂಬತ್ತು ವರ್ಷದ ಪೇಟಗಳಿಗೆಲ್ಲ ಆರೇ ಮಡಿಕೆ. ಆಮೇಲೆ ಒಂದು ದಸರೆಯಿಂದ ಇದ್ದಕ್ಕಿದ್ದಂತೆ ಏಳು. ಮೊದಲ ಆರು ಆಯಾ ತಾಲ್ಲೂಕಿನವು, ವರ್ಷ ವರ್ಷ ಬದಲಾಗುವಂಥವು. ಏಳನೆಯದು ಮಾತ್ರ ಯಾವ ತಾಲ್ಲೂಕಿನ ಪೇಟವಾದರೂ ಅದೇ: ಮಧುಗಿರಿ ಆಸ್ಪತ್ರೆಗೆ ಹೆರಿಗೆಯ ನರ್ಸಮ್ಮ ಒಬ್ಬರು ಬೇಕು. ಆರು ಹೇಗೆ ಏಳಾಯಿತು ಎಂದು ಕೇಳಿದೆ.

"ತಲೆ ದೊಡ್ಡವು ಬರೋಕೆ ಶುರುವಾದ್ವು" ಅಂದರು ಮಾವ.

ಇದು ನಂಬುವ ಮಾತಲ್ಲ. ಷರಾದಲ್ಲಿ 'ಕಾರಣ ತಿಳಿಯದು' ಎಂದು ಬರೆದೆ.

ಆ ಏಳನೆಯ ಮಡಿಕೆಯನ್ನು ಯಾರೂ ಸಭೆಯಲ್ಲಿ ಹೇಳಿದ್ದೇ ಇಲ್ಲ. ಒಬ್ಬರು ಎರಡನೆಯದಕ್ಕೆ ನಿಲ್ಲುತ್ತಿದ್ದರು, ಒಬ್ಬರು ನಾಲ್ಕಕ್ಕೆ. ಐದು ದಾಟಿದವರನ್ನು ಮಾವ ಹೋಳಿಗೆ ಮಾಡಿಸಿ ಊಟಕ್ಕೆ ಕರೆದದ್ದುಂಟು. ಸಭೆಯಿಂದ ಬಂದ ಪ್ರತಿಯೊಬ್ಬರನ್ನೂ ಅವರು ಕಟ್ಟಕಡೆಗೆ ಕೇಳುತ್ತಿದ್ದದ್ದು ಒಂದೇ: "ಏಳನೇದು?" ಅವರು ತಲೆ ಆಡಿಸುತ್ತಿದ್ದರು. ಮಾವ "ಆಗ್ಲಿ ಬುಡಿ" ಎಂದು ಒಳಗೆ ಬಂದು, ಅಳೆದ ಬಟ್ಟೆಯನ್ನೇ ಮತ್ತೆ ಅಳೆಯುತ್ತಿದ್ದರು. ಆ ದಿನ ಅವರು ಊಟಕ್ಕೆ ಏಳಲು ಅತ್ತೆ ಮೂರು ಸಲ ಕೂಗಬೇಕಾಗುತ್ತಿತ್ತು. ಇದೂ ನನ್ನ ಪಟ್ಟಿಯಲ್ಲಿದೆ.

"ಅದನ್ನ ಮೊದ್ಲನೇದು ಮಾಡಿದ್ರೆ ನಿಮ್ಮ ಗಂಟೇನು ಹೋಗ್ತದೆ?" ಎಂದು ಅತ್ತೆ ಪ್ರತಿ ವರ್ಷ ಬಟ್ಟೆಯ ಆ ತುದಿಯಿಂದ ಕೇಳುತ್ತಿದ್ದರು.

"ನಮ್ಮನೆ ಮಾತನ್ನ ಊರ ಮಾತಿಗಿಂತ ಮುಂದೆ ತಳ್ಳೋಕಾಯ್ತದಾ?" ಎಂದು ಈ ತುದಿಯಿಂದ ಮಾವ.

"ಹಿಂದೆ ಇಟ್ಟಿದ್ದು ಹಿಂದೇನೇ ಉಳೀತದೆ ಕಣ್ರೀ."

ಆಸ್ಪತ್ರೆಯ ನರ್ಸಮ್ಮ ನಮ್ಮ ಮನೆಯ ಮಾತು ಹೇಗಾಯಿತು ಎಂದು ನಾನು ಆಗ ಕೇಳಲಿಲ್ಲ. ಎಲ್ಲಕ್ಕೂ ಪಟ್ಟಿ ಮಾಡುವವಳು ಕೇಳಬೇಕಾದ್ದನ್ನೇ ಕೇಳಲಿಲ್ಲ.

ನನ್ನ ಮದುವೆ ವೈಶಾಖದಲ್ಲಿ ಕೊರಟಗೆರೆಗೆ ಆಯಿತು. ಆಗ ನನಗೆ ಹದಿನೇಳು. ಆ ವರ್ಷದ ದಸರೆಗೆ ತವರಿಗೆಂದು ಮಾವನ ಮನೆಗೆ ಬಂದಾಗ ನೋಡುತ್ತೇನೆ, ಮಾವ ಗುರುತು ಸಿಗದಂತಾಗಿದ್ದರು. ಬಂದ ಪ್ರತಿನಿಧಿಗಳನ್ನು ಹಿಂದೆ ಒಂದು ಸಲ ತಾಲೀಮು ಮಾಡಿಸುತ್ತಿದ್ದವರು ಈಗ ಐದು ಸಲ ಮಾಡಿಸುತ್ತಿದ್ದರು. ಕೊರಟಗೆರೆಯ ಗೌಡರು ಬೆವರಿ ನೀರು ಕೇಳಿದರೆ, "ಏಳನೇದು ಹೇಳಿ, ಕೊಡ್ತೀನಿ" ಅಂದರು.

"ಯಾಕತ್ತೆ ಮಾವ ಹಿಂಗಾಡ್ತಾರೆ?" ಎಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇನ್ನೊಂದೊರ್ಸಕ್ಕೆ ನೀನು ಬಾಣಂತನಕ್ಕೆ ಈ ಮನೆಗೇ ಬರಬೇಕಲ್ಲವ್ವ. ಅದಕ್ಕೇ ಆಡ್ತಾರೆ" ಎಂದು ಒಲೆ ಊದಲು ಹೋದರು. ನಾನು ನಾಚಿಕೊಂಡೆನೇ ಹೊರತು ಮುಂದಕ್ಕೆ ಯೋಚಿಸಲಿಲ್ಲ.

ಆ ಸಲ ಕೊನೆಗೆ ಬಂದವರು ಶಿರಾದ ಸಾಹೇಬರು. ಕಂಬಳಿ ವ್ಯಾಪಾರದವರು, ಹೊಸದಾಗಿ ಆಯ್ಕೆಯಾದವರು. ತಲೆಯ ಮೇಲೆ ಕೆಂಪು ರೂಮಿ ಟೋಪಿ.

"ನಿಮಗೆ ಪೇಟ ಬೇಕೇಬೇಕು ಅಂತ ಇಲ್ಲ ಸಾಹೇಬ್ರೇ. ಟೋಪೀಲೇ ಹೋಗಬಹುದು" ಎಂದರು ಮಾವ, ಒಲ್ಲದ ಮನಸ್ಸಿನಿಂದ.

"ಅರೆ ಅಣ್ಣಾ, ಈ ಟೋಪೀಲಿ ಮಡಿಕೆ ಎಲ್ಲಿಂದ ತರ್ಲಿ? ನಮ್ ಶಿರಾ ಕೆರೆ ತೂಬು ಎಲ್ಲಿ ಇಟ್ಕೊಳ್ಲಿ? ನಿಮ್ದು ಪೇಟಾನೇ ಕಟ್ಬುಡಿ."

ಮಾವನ ಮುಖ ಅರಳಿತು. ಅಷ್ಟು ಜತನದಿಂದ ಅವರು ಪೇಟ ಕಟ್ಟಿದ್ದನ್ನು ನಾನು ಕಂಡಿಲ್ಲ. ತಾಲೀಮಿನಲ್ಲಿ ಮಾವನ ಬೆರಳು ಎಡಗಿವಿಯಿಂದ ಹೊರಟಿತು, ಸಾಹೇಬರು ಏಳನ್ನೂ ನೀರು ಕುಡಿದಂತೆ ಹೇಳಿದರು. ಐದು ಸಲವೂ ತಪ್ಪಲಿಲ್ಲ. ಆದರೆ ಸಭೆಯಲ್ಲಿ ಬೆರಳು ಮಾವನದಾಗಿರುವುದಿಲ್ಲ ಎನ್ನುವುದು ನಮಗೆ ಯಾರಿಗೂ ಹೊಳೆಯಲಿಲ್ಲ.

ದಸರೆ ಮುಗಿದ ಮೇಲೆ ಒಬ್ಬೊಬ್ಬರೇ ಬಂದರು. ಕೊರಟಗೆರೆ, ಮೂರು ಮಡಿಕೆ. ಪಾವಗಡ, ಎರಡು. ಮಧುಗಿರಿ, ಕೃತಜ್ಞತೆ. ಮಾವ ಒಂದೊಂದಕ್ಕೂ "ಆಗ್ಲಿ ಬುಡಿ" ಎನ್ನುತ್ತಿದ್ದರು, ದನಿ ಮಾತ್ರ ಇಳಿಯುತ್ತಾ ಬಂತು. ಸಾಹೇಬರು ಬಂದದ್ದು ಶುಕ್ರವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಪೇಟವನ್ನು ಕಂಕುಳಲ್ಲಿ ಇಟ್ಟುಕೊಂಡು, ಅಂಗಳದಲ್ಲೇ ನಿಂತರು. ಜಗುಲಿ ಹತ್ತಲಿಲ್ಲ.

"ಮಾಫ್ ಮಾಡ್ಬೇಕು ಅಣ್ಣಾ. ಒಂದೇ ಒಂದು ಆಯ್ತು. ನಮ್ಗಿಂತ ಮುಂಚೆ ಯಾರೋ ಭಾಳ ಮಾತಾಡ್ಬುಟ್ರು. ನಾನು ಎದ್ದೆ, ಒಂದ್ ಹೇಳ್ದೆ, ಗಂಟೆ ಹೊಡೆದ್ರು."

"ಒಂದೇನಾ?" ಮಾವ ಪಟ್ಟಿಯ ಕಡೆ ನೋಡುವಂತೆ ನನಗೆ ಕಣ್ಣು ಸನ್ನೆ ಮಾಡಿದರು. ನಾನು ಶಿರಾದ ಸಾಲಿನಲ್ಲಿ, ಒಂದನೆಯ ಮಡಿಕೆಯಾದ ಕೆರೆ ತೂಬಿನ ಎದುರಿಗೆ ಗೆರೆ ಹಾಕಿದೆ. "ಹೋಗ್ಲಿ ಬುಡಿ. ತೂಬಾದ್ರೂ ಆಯ್ತಲ್ಲ."

"ಇಲ್ಲ ಅಣ್ಣಾ, ತೂಬು ಆಗ್ಲಿಲ್ಲ. ಅದೇ ನಂಗೂ ಬೇಜಾರು. ಊರಿಗೆ ಹೋಗಿ ಏನ್ ಮುಖ ತೋರಿಸ್ಲಿ."

"ಮತ್ತೆ ಏನ್ ಹೇಳಿದ್ರಿ?"

ಸಾಹೇಬರು ಪೇಟವನ್ನು ತಲೆಗೆ ಇಟ್ಟುಕೊಂಡರು. ಬಲಗೈ ತಾನಾಗಿಯೇ ಮೇಲೆ ಹೋಗಿ ಬಲಗಿವಿಯ ಮೇಲಿನ ಮಡಿಕೆಯನ್ನು ಮುಟ್ಟಿತು. "ಇಲ್ಲಿಂದ ಶುರು ಮಾಡ್ದೆ. ನಾವು ಉರ್ದು ಓದೋದು ಬಲದಿಂದ, ಬರೆಯೋದು ಬಲದಿಂದ. ಕೈ ಇಲ್ಲಿಗೇ ಬಂತು. ಇಲ್ಲಿ ನರ್ಸಮ್ಮ ಸಿಕ್ಕಿದ್ರು. ಮಧುಗಿರಿ ಆಸ್ಪತ್ರೇಲಿ ಹೆರಿಗೆಗೆ ಒಬ್ರು ಹೆಂಗಸು ಇಲ್ಲ, ಹೆಣ್ಮಕ್ಳು ದಾರೀಲೇ ಸಾಯ್ತಾರೆ, ಕೊಡ್ಬೇಕು ಹುಜೂರ್ ಅಂದೆ. ದಿವಾನ್ರು ಬರ್ಕೊಳ್ಳಿ ಅಂದ್ರು. ಅಷ್ಟೇ ಅಣ್ಣಾ. ತಪ್ಪಾಯ್ತಾ?"

ಮಾವ ಜಗುಲಿಯಿಂದ ಇಳಿದು ಹೋಗಿ ಸಾಹೇಬರ ತಲೆಯ ಮೇಲಿನ ಆ ಮಡಿಕೆಯ ಮೇಲೆ ಅಂಗೈ ಇಟ್ಟು ಹಾಗೇ ನಿಂತರು. ಜ್ವರ ಇದೆಯೇ ಎಂದು ಮಗುವಿನ ಹಣೆ ಮುಟ್ಟಿ ನೋಡುವವರಂತೆ. ಸಾಹೇಬರು ಅಲ್ಲಾಡಲಿಲ್ಲ. ಆಮೇಲೆ ಮಾವ ಅವರ ಕೈ ಹಿಡಿದು ಜಗುಲಿಗೆ ಹತ್ತಿಸಿ, ತಾವು ಹಿತ್ತಲಿಗೆ ಹೋಗಿಬಿಟ್ಟರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಜ್ವರ ಅಲ್ಲ ಕಣವ್ವ ನಿಮ್ಮಮ್ಮಂಗೆ. ನಿನ್ನ ಹೆತ್ತು ಒಂದೇ ಸಮ ರಕ್ತ ಹೋಯ್ತಿತ್ತು. ಇಲ್ಲಿ ಆಸ್ಪತ್ರೇಲಿ ನೋಡೋ ಹೆಂಗ್ಸು ಇರ್ಲಿಲ್ಲ. ತುಮಕೂರಿಗೆ ಅಂತ ಗಾಡಿ ಕಟ್ಟಿದ್ರು ನಿಮ್ಮಾವ. ಕೊರಟಗೆರೆ ಹತ್ರ ಹೊಳೆ ಬಂದಿತ್ತು. ದಾಟೋಕಾಗ್ಲಿಲ್ಲ. ತಂಗಿ ತಲೆ ತೊಡೆ ಮೇಲಿಟ್ಕೊಂಡು ದಡದಾಗೆ ಕುಂತಿದ್ರಂತೆ. ತಲೆ ತಣ್ಣಗಾಗೋಗಂಟ."

ನಾನು ಪಟ್ಟಿ ಬಿಡಿಸಿದೆ. ಏಳನೆಯ ಮಡಿಕೆಯ ಸಾಲುಗಳನ್ನು ಎಣಿಸಿದೆ. ಹೇಳದೆ ಉಳಿದ ದಸರೆ ಹದಿನೇಳು. ನನ್ನ ವಯಸ್ಸು ಹದಿನೇಳು. ಎಷ್ಟೋ ವರ್ಷದಿಂದ ನನ್ನದೇ ಕೈಬರಹದಲ್ಲಿ ನನ್ನ ಕಣ್ಣೆದುರೇ ಇದ್ದ ಲೆಕ್ಕ ಅದು.

ನರ್ಸಮ್ಮ ಬಂದದ್ದು ಮುಂದಿನ ಯುಗಾದಿ ಕಳೆದ ಮೇಲೆ. ಸಾಹೇಬರು ಕೇಳಿದ್ದರಿಂದಲೇ ಬಂದರೋ, ಅದಾಗಲೇ ಸರ್ಕಾರದ ಮನಸ್ಸಿನಲ್ಲಿತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂದೇ ಬರೆದುಕೊಂಡಿದ್ದೇನೆ. ಮಾವನಿಗೆ ಮಾತ್ರ ಆ ಭಾಗ್ಯದ ಮೇಲೆ ನಂಬಿಕೆ ಹುಟ್ಟಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಆಸ್ಪತ್ರೆಗೆ ಹೋಗಿ ಬಾಗಿಲಲ್ಲಿ ಇಣುಕುತ್ತಿದ್ದರು. ನಾಲ್ಕನೆಯ ದಿನ ನರ್ಸಮ್ಮ ಹಿಡಿದೇಬಿಟ್ಟರು.

"ಏನು ಯಜಮಾನರೇ, ಏನು ಕಾಯಿಲೆ ನಿಮಗೆ?"

"ಕಾಯಿಲೆ ಏನಿಲ್ಲ ತಾಯಿ. ಇದ್ದೀರಾ ಅಂತ ನೋಡೋಕೆ ಬಂದೆ."

ನಾನು ಬಾಣಂತನಕ್ಕೆ ಬಂದ ಮೇಲೆ ಎಣಿಸಿದ ಪ್ರಕಾರವೇ ಇಂಥ ಭೇಟಿ ಐವತ್ತಮೂರು. ಶ್ರಾವಣದ ಎರಡನೆಯ ಸೋಮವಾರ, ಮಧ್ಯಾಹ್ನ ಮೂರಕ್ಕೆ ನನಗೆ ಹೆಣ್ಣುಮಗುವಾಯಿತು. ಒಳಗೆ ನರ್ಸಮ್ಮ ಇದ್ದರು. ಕೈಗೆ ಏನಾದರೂ ಬೇಕಲ್ಲ, ಹೊರಗೆ ಮಾವ ಒಂದು ಪೇಟದ ಬಟ್ಟೆ ತೆಗೆದುಕೊಂಡು ಏಳು ಮಡಿಕೆ ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಮಗು ಅತ್ತಾಗ ನಾಲ್ಕನೆಯ ಮಡಿಕೆಯಲ್ಲಿದ್ದರಂತೆ. ಅಲ್ಲೇ ನಿಂತರಂತೆ. ಇದನ್ನು ನನಗೆ ಹೇಳಿದವರು ಅತ್ತೆ, ಏಕೆಂದರೆ ಆ ಒಂದು ಮಧ್ಯಾಹ್ನ ಲೆಕ್ಕ ಇಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಈ ದಸರೆಗೆ ಪ್ರತಿನಿಧಿಗಳು ಎಂದಿನಂತೆ ಬಂದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಪಟ್ಟಿ ಬಿಡಿಸಿ ಕುಳಿತಿದ್ದೆ. ಮೊದಲು ಕೂತವರು ಪಾವಗಡದ ಯಜಮಾನರು. ಮಾವ ಆರು ಮಡಿಕೆ ಹಾಕಿ ದಾರ ಕೇಳಿದರು. ಅತ್ತೆ ತಮ್ಮ ತುದಿಯನ್ನು ಬಿಡಲಿಲ್ಲ.

"ಬುಡೇ, ಮುಗೀತು."

"ಎಲ್ಲಿ ಮುಗೀತು? ಪಾವಗಡದಾಗೆ ಹೆಣ್ಮಕ್ಳು ಹೆರಾಕಿಲ್ವಾ? ಅವರ ಆಸ್ಪತ್ರೆಗೆ ಯಾರವ್ರೆ?"

ಮಾವ ಹಾಕಿದ ಆರನ್ನೂ ಬಿಚ್ಚಿದರು. ಯಜಮಾನರ ಎಡಗಿವಿಯ ಮೇಲೆ ಹೊಸದಾಗಿ ಒಂದು ಮಡಿಕೆ ಹಾಕಿ, ಬೆರಳಿನಿಂದ ಒತ್ತಿ ಹೇಳಿದರು.

"ಇದು ಒಂದನೇದು. ಪಾವಗಡಕ್ಕೆ ನರ್ಸಮ್ಮ. ಇದು ಆಗೋಗಂಟ ಮಿಕ್ಕಿದ್ದು ಕಾಯ್ಲಿ. ಮುಟ್ಟಿ ಯಜಮಾನ್ರೇ, ನಲುಗಿದ್ರೆ ನಲುಗ್ಲಿ."

ಯಜಮಾನರು ಹೆದರಿ ಹೆದರಿ ಮುಟ್ಟಿದರು. ನಾನು ಪಾವಗಡದ ಸಾಲು ಬರೆದುಕೊಂಡೆ. ಬರೆದ ಮೇಲೆ ಪಟ್ಟಿಯ ಹಳೆಯ ಪುಟಗಳಿಗೆ ತಿರುಗಿಸಿ, ಆರು ಮಡಿಕೆ ಏಳಾದ ಆ ದಸರೆಯ ಸಾಲು ಹುಡುಕಿದೆ. ಷರಾದಲ್ಲಿ 'ಕಾರಣ ತಿಳಿಯದು' ಎಂದಿತ್ತು. ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಅಮ್ಮ' ಎಂದು ಬರೆದೆ.